ಕಾರವಾರದ ಚಪಲ್, ಬೌಷರ್‌ನ ಮೇಜಿನ ಮೇಲೆ

ಗೋವಾದಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋದವರೆಲ್ಲ ಅದನ್ನು ನೋಡಿರುತ್ತಾರೆ. ಕಾಳಿ ನದಿ ದಾಟಿ ಕಾರವಾರ ಪೇಟೆ ಹತ್ತಿರವಾದಾಗ ಬಲಗಡೆ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಬೂದು ಬಣ್ಣದ ಯುದ್ಧದೋಣಿಯೊಂದು ಒಣ ನೆಲದ ಮೇಲೆ ನಿಂತಿದೆ. ಅದೇ ಐ.ಎನ್.ಎಸ್. ಚಪಲ್. ನೌಕಾಪಡೆಯಿಂದ 2005ರಲ್ಲಿ ನಿವೃತ್ತಿಯಾದ ಈ ದೋಣಿ 2006ರಿಂದ ವಸ್ತುಸಂಗ್ರಹಾಲಯವಾಗಿದೆ. ಟಿಕೆಟ್ ತೆಗೆದುಕೊಂಡು ಒಳಗೆ ಇಳಿದರೆ ಇಕ್ಕಟ್ಟಾದ ಕೋಣೆಗಳಲ್ಲಿ ಕ್ಯಾಪ್ಟನ್, ವೈದ್ಯ, ನಾವಿಕರ ಆಳೆತ್ತರದ ಗೊಂಬೆಗಳು ಸಿಗುತ್ತವೆ.

ಆ ದೋಣಿಯ ಮಾದರಿಯನ್ನು ನಾನು ಬೌಷರ್‌ನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಎಂಟು ತಿಂಗಳು ಕೂತು ಮಾಡಿದೆ. ಸಂಘದ ರಾಜ್ಯೋತ್ಸವದ ದಿನ ಸಭಾಂಗಣದ ಹೊರಗಿನ ಮೇಜಿನ ಮೇಲೆ ಅದನ್ನು ನೋಡಿದವರು ಹಲವರು. ಮಾಡಿದ್ದು ಹೇಗೆ ಎಂದು ಕೇಳಿದವರೇ ಹೆಚ್ಚು. ಅದರ ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ ಹಾಗೇಕೆ ಬರೆದಿದ್ದೆ ಎಂದು ಕೇಳಿದವರು ಇಬ್ಬರು ಮೂವರು. ಎರಡಕ್ಕೂ ಉತ್ತರ ಒಂದೇ ಆದ್ದರಿಂದ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನು ಅಂಕೋಲೆಯವನು. ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. 1971ರ ಡಿಸೆಂಬರ್‌ನಲ್ಲಿ ಅವರಿಗೆ ಹದಿನಾರು ವರ್ಷ. ಸಂಜೆಯಾದರೆ ಕಿಟಕಿಗೆ ಗೋಣಿಚೀಲ ಕಟ್ಟಿ ಚಿಮಣಿ ದೀಪವನ್ನು ಮೂಲೆಯಲ್ಲಿ ಅಡಗಿಸಿಡುತ್ತಿದ್ದುದು, ಪಕ್ಕದ ಮನೆಯ ರೇಡಿಯೋ ಸುತ್ತ ಊರೇ ಕೂತು ಕರಾಚಿಯ ಸುದ್ದಿ ಕೇಳಿದ್ದು, ಇದನ್ನೆಲ್ಲ ಅವರು ನೂರು ಸಲ ಹೇಳಿದ್ದರು. ಚಪಲ್ ಕಾರವಾರಕ್ಕೆ ಬಂದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ, ಅದರ ಬದಿಯನ್ನು ಕೈಯಿಂದ ತಟ್ಟಿ, 'ಕರಾಚಿಗೆ ಬೆಂಕಿ ಇಟ್ಟಿದ್ದು ಇದೇ ನೋಡು' ಎಂದರು. ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ಪ್ರವಾಸದ ಬರಹಗಳಲ್ಲೂ ಅದೇ ಮಾತು. ಮರುವರ್ಷ ನಾನು ಒಮಾನಿಗೆ ಬಂದೆ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ದೋಣಿ ಮಾಡಬೇಕು ಅನ್ನಿಸಿದ್ದು ಅದಾದ ಮೇಲೆ.

ಮೊದಲ ತೊಡಕು ಅಳತೆಯದು. ನನ್ನ ಹತ್ತಿರ ಒಂದು ಡಬ್ಬಿ ಆಟಿಕೆ ಸಿಪಾಯಿಗಳಿದ್ದರು. ವಾದಿ ಕಬೀರ್‌ನ ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನಿನ ರಾಶಿಯಿಂದ ಆರಿಸಿ ತಂದಿದ್ದು. ಒಬ್ಬೊಬ್ಬನೂ 54 ಮಿಲಿಮೀಟರ್ ಎತ್ತರ. ಈ 54ಕ್ಕೆ ಒಂದು ಚರಿತ್ರೆಯಿದೆ. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಎಂಬ ಕಂಪನಿ ಸೀಸದ ಸಿಪಾಯಿಗಳನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುವ ವಿಧಾನ ಕಂಡುಹಿಡಿಯಿತು. ಸೀಸ ಕಡಿಮೆ ಸಾಕಾಯಿತು, ಬೆಲೆ ಇಳಿಯಿತು, ಅದುವರೆಗೆ ಜರ್ಮನಿಯ ಕೈಯಲ್ಲಿದ್ದ ಆ ವ್ಯಾಪಾರ ಇಂಗ್ಲೆಂಡಿಗೆ ಬಂತು. ಆ ಕಂಪನಿಯ ಅಳತೆಯೇ ಮುಂದೆ ಸಂಗ್ರಾಹಕರ ಅಳತೆಯಾಗಿ ನಿಂತಿತು. ಸೀಸ ಮಕ್ಕಳ ಮೈಗೆ ವಿಷ ಎಂದು ಗೊತ್ತಾಗಿ, 1960ರ ದಶಕದ ಹೊತ್ತಿಗೆ ಪ್ಲಾಸ್ಟಿಕ್ ಅದರ ಜಾಗಕ್ಕೆ ಬಂತು. ನಮ್ಮ ಬಂಡಿಹಬ್ಬದ ಅಂಗಡಿಗಳಲ್ಲಿ ಹಸಿರು ಪ್ಲಾಸ್ಟಿಕ್ ಸಿಪಾಯಿಗಳನ್ನು ಕೊಂಡವರು ನನ್ನ ವಯಸ್ಸಿನ ಬಹಳ ಜನ ಇದ್ದೀರಿ. ಸಿಪಾಯಿ ಸಾಲನ್ನು ಜೋಡಿಸಿ ನೋಡುವ ಆಸೆ ನಮಗೇನು ಹೊಸದಲ್ಲ. ಮೈಸೂರು ಕಡೆಯವರು ನವರಾತ್ರಿಗೆ ಇಲ್ಲಿನ ಮನೆಗಳಲ್ಲೂ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆಯ ಮುಂದೆ ಜಂಬೂಸವಾರಿಯ ಸಿಪಾಯಿ, ಬ್ಯಾಂಡಿನವರನ್ನು ನಿಲ್ಲಿಸುವಾಗ ಮನೆಯ ಅಜ್ಜಿಯರು ಮಾಡುವುದೂ ಇದೇ ಕೆಲಸ.

ನಮ್ಮ ವೃತ್ತಿಯಲ್ಲಿ ದಿನವೂ ಅನುಪಾತದ ಲೆಕ್ಕ ಇದ್ದೇ ಇರುತ್ತದೆ. ಒಂದಕ್ಕೆ ಎಷ್ಟು ನೀರು, ಕಿಲೋ ತೂಕಕ್ಕೆ ಎಷ್ಟು ಮಿಲಿಗ್ರಾಂ ಎಂಬುದರಲ್ಲಿ ತಪ್ಪಿದರೆ ಔಷಧವೇ ವಿಷ. ಇಲ್ಲೂ ಅದೇ ಲೆಕ್ಕ. 54 ಮಿಲಿಮೀಟರ್ ಗೊಂಬೆಯನ್ನು 32 ಪಟ್ಟು ಮಾಡಿದರೆ 1.73 ಮೀಟರ್ ಆಗುತ್ತದೆ, ಅಂದರೆ ಐದು ಅಡಿ ಎಂಟು ಅಂಗುಲದ ಮನುಷ್ಯ. ಚಪಲ್ ಉದ್ದ ಸುಮಾರು 38.6 ಮೀಟರ್, ಅಗಲ 7.6 ಮೀಟರ್. 32ರಿಂದ ಭಾಗಿಸಿದರೆ 120 ಸೆಂಟಿಮೀಟರ್ ಉದ್ದ, 24 ಸೆಂಟಿಮೀಟರ್ ಅಗಲ. ನಮ್ಮ ಊಟದ ಮೇಜಿನಷ್ಟೇ ಆಯಿತು. ಹೆಂಡತಿಯ ಮುಖ ನೋಡಿ, 72ರಿಂದ ಭಾಗಿಸಿ ನೋಡಿದೆ. 54 ಸೆಂಟಿಮೀಟರ್ ದೋಣಿ, ಕಪಾಟಿನಲ್ಲಿ ಕೂರುತ್ತದೆ. ಆದರೆ ಆ ಡೆಕ್ಕಿನ ಮೇಲೆ ನನ್ನ ಸಿಪಾಯಿಯನ್ನು ನಿಲ್ಲಿಸಿದರೆ ಅವನ ಎತ್ತರ ಸುಮಾರು ನಾಲ್ಕು ಮೀಟರ್. ಬಾಹುಬಲಿಯ ಮೂರ್ತಿಗೆ ಅದು ಒಪ್ಪೀತು, ದೋಣಿಯ ನಾವಿಕನಿಗೆ ಒಪ್ಪದು. ಹೀಗಾಗಿ ಎಂಟು ತಿಂಗಳು ನಮ್ಮ ಮನೆಯವರು ನೆಲದ ಮೇಲೆ ಕೂತು ಊಟ ಮಾಡಿದೆವು.

ಸಾಮಾನೆಲ್ಲ ಸಾದಾ. ರೂವಿಯ ಅಂಗಡಿಯಿಂದ ತೆಳ್ಳನೆಯ ಪ್ಲೈವುಡ್ ತಂದೆ. ಒಡಲಿಗೆ ಮೂರು ಅಂಗುಲಕ್ಕೊಂದರಂತೆ ಅಡ್ಡಪಟ್ಟಿ ಕತ್ತರಿಸಿ ನಿಲ್ಲಿಸಿ, ಮೇಲೆ ಪಟ್ಟಿ ಹೊದಿಸಿದೆ. ಕೈಕಂಬಿಗಳಿಗೆ ತಂತಿ, ತೋಪಿನ ನಳಿಗೆಗೆ ಬಾಲ್‌ಪೆನ್ನಿನ ರೀಫಿಲ್. ರೇಡಾರ್‌ನ ಗುಮ್ಮಟಕ್ಕೆ ಹಳೆಯ ಮಾತ್ರೆ ಬಾಟಲಿಯ ಮುಚ್ಚಳವನ್ನು ಉಜ್ಜಿ ಗುಂಡಗೆ ಮಾಡಿದೆ. ಚಪಲ್ ಮೇಲೆ ಮುಂದೊಂದು ಹಿಂದೊಂದು, ಎರಡು ತೋಪಿನ ಗೋಪುರಗಳಿವೆ. ಒಂದೊಂದರಲ್ಲೂ 30 ಮಿಲಿಮೀಟರಿನ ಜೋಡಿ ನಳಿಗೆ. ಆದರೆ ದೋಣಿಯ ನಿಜವಾದ ಆಯುಧ ಇರುವುದು ಎರಡು ಬದಿಗೆ ಎರಡೆರಡರಂತೆ ಕೂರಿಸಿದ ನಾಲ್ಕು ಕ್ಷಿಪಣಿ ಗೂಡುಗಳಲ್ಲಿ. ನನ್ನ ಚರಿತ್ರೆಯ ಪಾಠ ಶುರುವಾದದ್ದೂ ಅಲ್ಲೇ.

ಗೂಡುಗಳನ್ನು ಮಾಡಲು 1971ರ ದೋಣಿಗಳ ಫೋಟೋಗಳನ್ನು ಮುಂದಿಟ್ಟುಕೊಂಡಿದ್ದೆ. ನಿಪಾತ್, ನಿರ್ಘಾತ್, ವೀರ್ ಎಂಬ ಆ ಮೂರು ದೋಣಿಗಳ ಗೂಡುಗಳು ಪೆಟ್ಟಿಗೆಯಂತಿವೆ. ದೊಡ್ಡ ಮರದ ಪೆಟಾರಿಯನ್ನು ಓರೆಯಾಗಿ ಇಟ್ಟಂತೆ. ಹಾಗೇ ಪ್ಲೈವುಡ್ಡಿನಲ್ಲಿ ನಾಲ್ಕು ಪೆಟ್ಟಿಗೆ ಮಾಡಿ ಅಂಟಿಸಿದೆ. ನೋಡಿದ ಮಗ, 'ಅಪ್ಪಾ, ಇದು ಅಜ್ಜನ ದೋಣಿ ಅಲ್ಲ, ಅಜ್ಜನ ದೋಣೀಲಿ ಪೈಪ್ ಇತ್ತು' ಎಂದ. ಎರಡು ರಜೆಯ ಹಿಂದೆ ಕಾರವಾರದಲ್ಲಿ ತೆಗೆದ ಫೋಟೋ ತೋರಿಸಿದ. ಅವನು ಹೇಳಿದ್ದು ಸರಿ. ಚಪಲ್ ಮೇಲಿರುವುದು ಗುಂಡನೆಯ ಕೊಳವೆಗಳು.

ಒಂದೇ ದೋಣಿಗೆ ಎರಡು ಆಕಾರದ ಗೂಡು ಹೇಗೆ? ಮೊದಲು, ಆಮೇಲೆ ಬದಲಾಯಿಸಿರಬಹುದು ಎಂದುಕೊಂಡೆ. ಹುಡುಕಿದಾಗ ಗೊತ್ತಾಯಿತು, ಬದಲಾದದ್ದು ಗೂಡಲ್ಲ, ದೋಣಿಯೇ ಬೇರೆ.

ಈ ದೋಣಿಗಳ ಮೂಲ ಸೋವಿಯತ್ ರಷ್ಯ. ಅಲ್ಲಿ ಅವಕ್ಕೆ 'ಓಸಾ' ಎಂಬ ಹೆಸರು, ಅಂದರೆ ಕಡಜದ ಹುಳ. ಸಣ್ಣದು, ವೇಗದ್ದು, ಆದರೆ ಕುಟುಕಿದರೆ ಆನೆಯೂ ಬೀಳಬೇಕು. 18ನೇ ಮತ್ತು 19ನೇ ಶತಮಾನದಲ್ಲಿ ಗನ್‌ಬೋಟ್ ಎಂದರೆ ಚಿಕ್ಕ ದೋಣಿಯ ಮೇಲೆ ಒಂದೆರಡು ದೊಡ್ಡ ತೋಪು. ಕರಾವಳಿಯ ಊರುಗಳನ್ನು, ಅರಸರನ್ನು ಬೆದರಿಸಲು ದೊಡ್ಡ ರಾಜ್ಯಗಳು ಕಳಿಸುತ್ತಿದ್ದದ್ದು ಅದನ್ನೇ. ಮಸ್ಕತ್ ಬಂದರಿನ ಬಂಡೆಗಳ ಮೇಲೆ ಹಿಂದೆ ಬಂದುಹೋದ ಹಡಗುಗಳ ಹೆಸರನ್ನು ನಾವಿಕರೇ ಬಣ್ಣದಲ್ಲಿ ಬರೆದಿದ್ದಾರೆ. ಹಳೆಯ ಮಸ್ಕತ್‌ಗೆ ಹೋದಾಗ ಕಣ್ಣೆತ್ತಿ ನೋಡಿ. ಅವುಗಳಲ್ಲಿ ಇಂಥ ಯುದ್ಧನೌಕೆಗಳೂ ಇವೆ. ತೋಪಿನ ಜಾಗಕ್ಕೆ ಕ್ಷಿಪಣಿ ಬಂದಾಗ ಅದೇ ಗನ್‌ಬೋಟ್ ಹೊಸ ಹುಟ್ಟು ಪಡೆಯಿತು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಪೋರ್ಟ್ ಸಯೀದ್ ಬಂದರಿನ ಸಣ್ಣ ದೋಣಿಗಳು ಇಸ್ರೇಲಿನ 'ಐಲಾತ್' ಎಂಬ ದೊಡ್ಡ ಯುದ್ಧನೌಕೆಯನ್ನು ಕ್ಷಿಪಣಿಯಿಂದ ಮುಳುಗಿಸಿದವು. ಹಡಗಿನಿಂದ ಹಡಗಿಗೆ ಹಾರಿಸಿದ ಕ್ಷಿಪಣಿಗೆ ಯುದ್ಧದಲ್ಲಿ ಒಂದು ನೌಕೆ ಬಲಿಯಾದದ್ದು ಅದೇ ಮೊದಲು. ಪ್ರಪಂಚದ ನೌಕಾಪಡೆಗಳೆಲ್ಲ ಎಚ್ಚೆತ್ತವು.

ಭಾರತಕ್ಕೆ ಈ ದೋಣಿಗಳು ಬೇಕೆನಿಸಲು ಬೇರೆ ಕಾರಣವೂ ಇತ್ತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಹಡಗುಗಳು ರಾತ್ರಿ ಬಂದು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋಗಿದ್ದವು. ಆ ಅವಮಾನವನ್ನು ನೌಕಾಪಡೆ ಮರೆತಿರಲಿಲ್ಲ. 1971ರ ಮೊದಲ ತಿಂಗಳುಗಳಲ್ಲಿ ಎಂಟು ಓಸಾ ದೋಣಿಗಳು ರಷ್ಯದಿಂದ ಬಂದವು. ಒಂದೊಂದೂ ಇನ್ನೂರು ಟನ್ನಿನ ಹತ್ತಿರದ ತೂಕ. ಅವನ್ನು ಎತ್ತಿ ಇಳಿಸುವಂಥ ಕ್ರೇನು ಇದ್ದದ್ದು ಕಲ್ಕತ್ತೆಯಲ್ಲಿ. ಅಲ್ಲಿ ಇಳಿಸಿ, ಪೂರ್ವ ಕರಾವಳಿಯಿಂದ ಸುತ್ತು ಹಾಕಿಸಿ ಬೊಂಬಾಯಿಗೆ ಎಳೆದು ತಂದರು.

ಹೀಗೆ ಎಳೆದು ತರುವಾಗ ಒಂದು ಉಪಾಯ ಹೊಳೆಯಿತಂತೆ. ಈ ದೋಣಿ ಮಾಡಿದ್ದು ಸ್ವಂತ ಬಂದರು ಕಾಯಲು. ದೂರ ಹೋಗುವಷ್ಟು ಇಂಧನ ಹಿಡಿಯುವುದಿಲ್ಲ. ಆದರೆ ದೊಡ್ಡ ಹಡಗು ಹಗ್ಗ ಕಟ್ಟಿ ಎಳೆದರೆ ಶತ್ರುವಿನ ಬಾಗಿಲವರೆಗೂ ಹೋಗಬಹುದಲ್ಲ? 1971ರ ಡಿಸೆಂಬರ್ 4ರ ರಾತ್ರಿ ಆದದ್ದು ಅದೇ. ಕಿಲ್ತಾನ್ ಮತ್ತು ಕಚ್ಚಲ್ ಎಂಬ ಹಡಗುಗಳ ಜತೆಯಲ್ಲಿ ನಿಪಾತ್, ನಿರ್ಘಾತ್, ವೀರ್ ಕರಾಚಿಯ ಸಮೀಪ ಹೋದವು. ದೋಣಿಗಳ ಮುಖ್ಯಸ್ಥರಾಗಿದ್ದವರು ಕಮಾಂಡರ್ ಬಬ್ರು ಭಾನ್ ಯಾದವ್. ತರಬೇತಿ ರಷ್ಯದಲ್ಲಿ ಆಗಿದ್ದರಿಂದ ನಾವಿಕರು ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು, ಕೇಳಿಸಿಕೊಂಡವರಿಗೆ ಭಾರತದವರೆಂದು ತಿಳಿಯದಿರಲೆಂದು. ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ಎಂಬ ಯುದ್ಧನೌಕೆಗಳು, ವೀನಸ್ ಚಾಲೆಂಜರ್ ಎಂಬ ಸರಕಿನ ಹಡಗು ಮುಳುಗಿದವು. ನಾಲ್ಕು ದಿನದ ನಂತರ ವಿನಾಶ್ ಎಂಬ ಇನ್ನೊಂದು ದೋಣಿ ಮತ್ತೆ ಹೋಗಿ ಕೇಮಾರಿಯ ತೈಲ ಸಂಗ್ರಹಾಗಾರಕ್ಕೆ ಕ್ಷಿಪಣಿ ಹಾರಿಸಿತು. ವಾಯುಪಡೆಯ ದಾಳಿಯೂ ಸೇರಿ ಆ ಬೆಂಕಿ ದಿನಗಟ್ಟಲೆ ಉರಿಯಿತು. ಡಿಸೆಂಬರ್ 4 ಇಂದಿಗೂ ನಮ್ಮ ನೌಕಾಪಡೆಯ ದಿನ.

ಇದರಲ್ಲಿ ಚಪಲ್ ಎಲ್ಲಿ? ಎಲ್ಲೂ ಇಲ್ಲ. ಆ ಎಂಟು ದೋಣಿಗಳ ಹೆಸರೆಲ್ಲ ನ ಅಥವಾ ವ ಅಕ್ಷರದಿಂದ ಶುರುವಾಗುತ್ತವೆ: ನಾಶಕ್, ನಿಪಾತ್, ನಿರ್ಭೀಕ್, ನಿರ್ಘಾತ್, ವಿನಾಶ್, ವೀರ್, ವಿದ್ಯುತ್, ವಿಜೇತ. ಯುದ್ಧದಲ್ಲಿ ಅವು ಗೆದ್ದದ್ದು ನೋಡಿಯೇ ಸರ್ಕಾರ ಸುಧಾರಿಸಿದ ಎರಡನೆಯ ತಂಡವನ್ನು ತರಿಸಿತು. ಅವುಗಳ ಹೆಸರು ಪ್ರ ಅಥವಾ ಚ: ಪ್ರಬಲ್, ಪ್ರಳಯ, ಪ್ರತಾಪ್, ಪ್ರಚಂಡ, ಚಟಕ್, ಚಮಕ್, ಚಪಲ್, ಚರಗ್. ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ಯುದ್ಧ ಮುಗಿದು ಐದು ವರ್ಷ ಕಳೆದ ಮೇಲೆ. ಹೊಸ ಕ್ಷಿಪಣಿಯ ರೆಕ್ಕೆ ಮಡಚಿಕೊಳ್ಳುವಂಥದ್ದು. ರೆಕ್ಕೆ ಮಡಚಿದರೆ ಅಗಲ ಕಡಿಮೆ, ಹಾಗಾಗಿ ಕೊಳವೆ ಸಾಕು. ಹಳೆಯದರ ರೆಕ್ಕೆ ಚಾಚಿಕೊಂಡೇ ಇರುತ್ತಿತ್ತು, ಅದಕ್ಕೆ ಪೆಟ್ಟಿಗೆ ಬೇಕಿತ್ತು. ನನ್ನ ಮಗ ಕಂಡದ್ದು ಈ ವ್ಯತ್ಯಾಸವನ್ನೇ. ಪೆಟ್ಟಿಗೆಗಳನ್ನು ಕಿತ್ತು ಪಿ.ವಿ.ಸಿ. ಪೈಪಿನ ತುಂಡು ಕೂರಿಸಿದೆ.

ಕೀಳುವಾಗ ಕೈ ತಡೆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಪ್ಪ ಆ ಬದಿಯನ್ನು ತಟ್ಟಿದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಪೆಟ್ಟಿಗೆಗಳನ್ನು ಹಾಗೇ ಬಿಟ್ಟು 'ನಿಪಾತ್' ಎಂದು ಹೆಸರು ಬರೆದರೂ ಆಗುತ್ತಿತ್ತು. ಆಗ ಅದು ಅಪ್ಪ ಹೇಳಿದ ಕಥೆಯ ದೋಣಿ ಆಗುತ್ತಿತ್ತು, ಅಪ್ಪ ಮುಟ್ಟಿದ ದೋಣಿ ಆಗುತ್ತಿರಲಿಲ್ಲ. ನಾನು ಮುಟ್ಟಿದ ದೋಣಿಯನ್ನು ಆರಿಸಿಕೊಂಡೆ.

ಎರಡನೆಯ ತೊಡಕು ಸಿಪಾಯಿಗಳದು. ಡಬ್ಬಿಯಲ್ಲಿದ್ದವರೆಲ್ಲ ಬಂದೂಕು ಹಿಡಿದು ಮಂಡಿಯೂರಿದವರು, ಕತ್ತಿ ಎತ್ತಿದವರು. ಅವರನ್ನು ಸಾಲಾಗಿ ಡೆಕ್ಕಿನ ಮೇಲೆ ನಿಲ್ಲಿಸಿದರೆ ನೋಡಲು ಚೆಂದ, ಆದರೆ ಪೂರ್ತಿ ಸುಳ್ಳು. ಕ್ಷಿಪಣಿ ದೋಣಿಯಲ್ಲಿ ಸುಮಾರು ಮೂವತ್ತು ಜನ ಇರುತ್ತಾರೆ. ಕ್ಷಿಪಣಿ ಹಾರಿಸುವಾಗ ಡೆಕ್ಕಿನ ಮೇಲೆ ಒಬ್ಬನೂ ಇರಕೂಡದು. ಎರಡು ಟನ್ನಿಗೂ ಹೆಚ್ಚು ತೂಕದ ಆ ವಸ್ತು ಹೊರಡುವಾಗ ಹಿಂದಕ್ಕೆ ಉಗುಳುವ ಬೆಂಕಿಗೆ ಸಿಕ್ಕವನು ಉಳಿಯುವುದಿಲ್ಲ. ಎಲ್ಲರೂ ಬಾಗಿಲು ಮುಚ್ಚಿಕೊಂಡು ಒಳಗೆ, ಗಡಿಯಾರ ಮತ್ತು ಪರದೆಯ ಮುಂದೆ. ಆ ರಾತ್ರಿ ಕರಾಚಿಗೆ ಹೋದವರಲ್ಲಿ ಹೆಚ್ಚಿನವರು ಕರಾಚಿಯನ್ನು ಕಣ್ಣಾರೆ ನೋಡಲೇ ಇಲ್ಲ. ಕಾರವಾರದ ಚಪಲ್‌ನಲ್ಲಿ ಗೊಂಬೆಗಳನ್ನು ಒಳಗಿನ ಕೋಣೆಗಳಲ್ಲಿ ಕೂರಿಸಿರುವುದು ನನಗೆ ಸರಿ ಅನ್ನಿಸಿದ್ದು ಇದಕ್ಕೇ.

ಗೊಂಬೆ ಇಡುವ ಬಗೆ ನೋಡಲು ಮಗನ ಜತೆ ರೂವಿಯ ಬೈತ್ ಅಲ್ ಫಲಜ್ ಕೋಟೆಗೂ ಹೋಗಿಬಂದೆ. 1845ರ ಸುಮಾರಿಗೆ ಕಟ್ಟಿದ ಕೋಟೆ ಅದು. 1988ರಿಂದ ಸುಲ್ತಾನರ ಸಶಸ್ತ್ರ ಪಡೆಗಳ ವಸ್ತುಸಂಗ್ರಹಾಲಯ. ಕೊನೆಗೆ ನಾನು ಮಾಡಿದ್ದು ಹೀಗೆ: ಹದಿನಾಲ್ಕು ಸಿಪಾಯಿಗಳ ಬಂದೂಕು, ಕತ್ತಿಗಳನ್ನು ಬ್ಲೇಡಿನಿಂದ ತೆಗೆದು, ಕೈಗೆ ಬಕೆಟ್ಟು, ಬ್ರಷ್ಷು, ಹಗ್ಗ ಕೊಟ್ಟೆ. ಬಿಳಿ ಅಂಗಿ, ನೀಲಿ ಚಡ್ಡಿ ಬಳಿದೆ. ದೋಣಿ ಬಂದರಿನಲ್ಲಿದೆ, ಸಂಜೆ, ನಾವಿಕರು ಡೆಕ್ ತೊಳೆಯುತ್ತಿದ್ದಾರೆ. ಚಪಲ್‌ನ 29 ವರ್ಷದ ಸೇವೆಯಲ್ಲಿ ಇಂಥ ಸಂಜೆಗಳೇ ಹೆಚ್ಚಾಗಿದ್ದಿರಬೇಕು.

ಮೂರನೆಯ ತೊಡಕು ಚೀಟಿಯದು. ಸಂಘದ ಹಿರಿಯರೊಬ್ಬರು, 'ಕರಾಚಿ ಅಂತ ಬರೀರಿ ಮಾರಾಯ್ರೆ, ಮಕ್ಕಳಿಗೆ ಸ್ಫೂರ್ತಿ ಬರಲಿ' ಎಂದರು. ಇನ್ನೊಬ್ಬರು, 'ಇಲ್ಲಿ ಎಲ್ಲ ದೇಶದವರೂ ಬರುತ್ತಾರೆ, ಯುದ್ಧದ ಸುದ್ದಿಯೇ ಬೇಡ' ಎಂದರು. ಇಬ್ಬರ ಮಾತಲ್ಲೂ ಸತ್ಯವಿತ್ತು.

ನನ್ನ ಜತೆ ಔಷಧಾಲಯದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುವ ಒಬ್ಬರು ಕರಾಚಿಯವರು. ರಾತ್ರಿ ಪಾಳಿಯಲ್ಲಿ ಅವರ ಚಹಾ, ನನ್ನ ಚಕ್ಕುಲಿ. ಫೋನಿನಲ್ಲಿ ದೋಣಿಯ ಫೋಟೋ ನೋಡಿ ಕೈಗೆಲಸವನ್ನು ಮೆಚ್ಚಿದರು. ಇದು ಯಾವುದು ಎಂದು ಕೇಳಿದಾಗ ಮುಚ್ಚಿಡಲು ಮನಸ್ಸಾಗಲಿಲ್ಲ, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಭಾಯ್, ನಮ್ಮ ಅಮ್ಮ ಆಗ ಸಣ್ಣ ಹುಡುಗಿ. ರಾತ್ರಿಯೆಲ್ಲ ಆಕಾಶ ಕೆಂಪಾಗಿತ್ತು, ದಿನಗಟ್ಟಲೆ ಬಟ್ಟೆ ಒಣಹಾಕಿದರೆ ಮಸಿ ಕೂರುತ್ತಿತ್ತು ಅಂತ ಹೇಳ್ತಾರೆ' ಎಂದರು. ಅಂಕೋಲೆಯಲ್ಲಿ ಕಿಟಕಿಗೆ ಗೋಣಿಚೀಲ ಕಟ್ಟಿದ ಹುಡುಗ, ಕರಾಚಿಯಲ್ಲಿ ಮಸಿ ಹಿಡಿದ ಬಟ್ಟೆ ನೋಡಿದ ಹುಡುಗಿ. ಒಂದೇ ಸಮುದ್ರದ ಎರಡು ದಡ. ನಾವಿಬ್ಬರು ಅದೇ ಸಮುದ್ರದ ಮೂರನೆಯ ದಡದಲ್ಲಿ ಕೂತು ಮಾತ್ರೆ ಎಣಿಸುತ್ತಿದ್ದೆವು.

ಆ ರಾತ್ರಿ ಮತ್ತಷ್ಟು ಓದಿದೆ. ಕರಾಚಿಯ ದಾಳಿಗೆ ಅಪ್ಪಣೆ ಕೊಟ್ಟ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್.ಎಂ. ನಂದಾ ಅವರ ಬಾಲ್ಯ ಕಳೆದದ್ದು ಕರಾಚಿ ಬಂದರಿನ ಮನೋರಾದಲ್ಲೇ. ತಾನು ಬೆಳೆದ ಬಂದರಿನ ಮೂಲೆಮೂಲೆ ಗೊತ್ತಿದ್ದವರೇ ಅದರ ಮೇಲಿನ ದಾಳಿ ಯೋಜಿಸಬೇಕಾಯಿತು. ಖೈಬರ್ ಜತೆಗೆ ಇನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಐದು ದಿನದ ನಂತರ, ಡಿಸೆಂಬರ್ 9ರಂದು, ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿ ದೀವ್ ಬಳಿ ನಮ್ಮ ಐ.ಎನ್.ಎಸ್. ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರೊಂದಿಗೇ ಹೋದರು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಇವರನ್ನು ಬಿಟ್ಟು ಅವರನ್ನು, ಅವರನ್ನು ಬಿಟ್ಟು ಇವರನ್ನು ಎಣಿಸಿದರೆ ಅದು ಅರ್ಧ ಚರಿತ್ರೆ.

ಕಾರವಾರದವರಿಗೆ ಹೆಮ್ಮೆಪಡಲು ಇಲ್ಲದ ಕಥೆ ಬೇಕಾಗಿಯೂ ಇಲ್ಲ. ಆ ಕಡಲತೀರದಿಂದ ಸ್ವಲ್ಪ ದಕ್ಷಿಣಕ್ಕೆ ಅಂಜದೀವ್ ದ್ವೀಪವಿದೆ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ಹೊರಟರು. ಎರಡೇ ವರ್ಷದಲ್ಲಿ, 1507ರಲ್ಲಿ, ಅವರ ಅಲ್ಬುಕರ್ಕ್ ಇಲ್ಲಿಗೆ ಬಂದು ಮಸ್ಕತ್ತನ್ನು ಸುಟ್ಟ. ಒಮಾನಿಗಳು 1650ರಲ್ಲಿ ಅವರನ್ನು ಮಸ್ಕತ್‌ನಿಂದ ಓಡಿಸಿದರು. ಅಂಜದೀವ್ ಬಿಡುಗಡೆಯಾಗಲು 1961ರ ಡಿಸೆಂಬರ್ ಬರಬೇಕಾಯಿತು. ಗೋವಾ ವಿಮೋಚನೆಯ ಆ ಕಾರ್ಯಾಚರಣೆಯಲ್ಲಿ ಐ.ಎನ್.ಎಸ್. ತ್ರಿಶೂಲ್ ಜತೆ ಹೋದದ್ದು ನಮ್ಮದೇ ಹೆಸರಿನ ಐ.ಎನ್.ಎಸ್. ಮೈಸೂರು. ಏಳು ನಾವಿಕರು ಆ ದ್ವೀಪದಲ್ಲಿ ಪ್ರಾಣ ಕೊಟ್ಟರು. ಈಗ ಅದೇ ದ್ವೀಪವನ್ನು ಅಲೆತಡೆಗೋಡೆಯಿಂದ ದಡಕ್ಕೆ ಜೋಡಿಸಿ ಸೀಬರ್ಡ್ ನೌಕಾನೆಲೆ ಎದ್ದಿದೆ. 1986ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು, 2005ರಲ್ಲಿ ಐ.ಎನ್.ಎಸ್. ಕದಂಬ ಎಂಬ ಹೆಸರಿನಲ್ಲಿ ಅದು ಸೇವೆಗೆ ಬಂತು. ಅರ್ಗಾ ಸೇರಿದಂತೆ ಕಡಲಬದಿಯ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡವನ್ನು ಬಿಟ್ಟುಕೊಟ್ಟದ್ದರಿಂದ ಅದು ಸಾಧ್ಯವಾಯಿತು. ಯುದ್ಧದ ಕಥೆ ಹೇಳುವಾಗ ಅವರ ಹೆಸರು ಬರುವುದಿಲ್ಲ, ಬರಬೇಕು.

ಕೊನೆಗೆ ಚೀಟಿಯಲ್ಲಿ ಬರೆದದ್ದು ಇಷ್ಟು: 'ಐ.ಎನ್.ಎಸ್. ಚಪಲ್, ಕಾರವಾರ. ಸೇವೆ 1976ರಿಂದ 2005. ಈ ದೋಣಿ 1971ರ ಯುದ್ಧದಲ್ಲಿ ಇರಲಿಲ್ಲ. ಇದರ ಅಣ್ಣಂದಿರಾದ ನಿಪಾತ್, ನಿರ್ಘಾತ್, ವೀರ್ ಇದ್ದವು. ಆ ಡಿಸೆಂಬರ್‌ನಲ್ಲಿ ಈ ಸಮುದ್ರದಲ್ಲಿ ತೀರಿಕೊಂಡ ಎರಡೂ ಕಡೆಯ ನಾವಿಕರ ನೆನಪಿಗೆ.' ಸಮಿತಿಯ ಇಬ್ಬರು ಹಿರಿಯರೂ ಓದಿದರು. ಒಬ್ಬರು ತಲೆಯಾಡಿಸಿದರು, ಇನ್ನೊಬ್ಬರು ಏನೂ ಹೇಳಲಿಲ್ಲ. ಚೀಟಿ ಅಲ್ಲೇ ಉಳಿಯಿತು.

ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಪ್ಪ ಹೇಳಿದ್ದು ತಪ್ಪು ಎಂದು ಹೇಳಿದಂತಾಯಿತಲ್ಲ ಎಂಬ ಅಳುಕಿತ್ತು. ಅಮ್ಮ ನಕ್ಕರು. 'ನಿಮ್ಮಪ್ಪ ಇದ್ದಿದ್ರೆ ಎರಡು ದಿನ ನಿನ್ನ ಜತೆ ಜಗಳ ಆಡ್ತಿದ್ರು. ಮೂರನೇ ದಿನ ಬಸ್ಸಲ್ಲಿ ಎಲ್ಲರಿಗೂ ಅದನ್ನೇ ಹೇಳ್ತಿದ್ರು' ಎಂದರು.

ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಕಾರವಾರದಲ್ಲಿ ಅರ್ಧ ಗಂಟೆ ನಿಲ್ಲಿಸಿ. ಈಗ ಅಲ್ಲಿ ಚಪಲ್ ಹತ್ತಿರವೇ ನೌಕಾಪಡೆಯ ಟುಪೊಲೆವ್ ವಿಮಾನವೂ ಇದೆ, ಮಕ್ಕಳಿಗೆ ಖುಷಿಯಾಗುತ್ತದೆ. ದೋಣಿಯ ಬದಿಯ ಗೂಡುಗಳು ಗುಂಡಗಿವೆಯೋ ಚೌಕವಾಗಿವೆಯೋ ಎಂದು ಮಕ್ಕಳನ್ನು ಕೇಳಿ. ಅವರು ಸರಿಯಾಗಿ ನೋಡಿ ಹೇಳುತ್ತಾರೆ. ಉಳಿದ ಕಥೆಯನ್ನು ನೀವು ಹೇಳಬಹುದು.